ರಟ್ಟಿನ ದಂಡು, ಹುಣಸೆ ಬೀಜದ ಮೇಕೆ

ವಾಚನಾಲಯದ ಮೇಷ್ಟ್ರು ಈ ಸಲದ ಪುಸ್ತಕಕ್ಕೆ ಒಂದು ವಿಮರ್ಶೆ ಬರೆದುಕೊಡಿ ಅಂತ ಕೇಳಿದರು. ನಾನು ಓದಿದ್ದು ಏಳನೇ ಕ್ಲಾಸು. ಹಗಲೆಲ್ಲ ಕಡಲೆಕಾಯಿ ಹೊಲದಲ್ಲಿರೋನು, ರಾತ್ರಿ ಹೊತ್ತು ಭಜನೆ ಪದ, ದಂಡಿನ ಪದ ಹಾಡೋನು. ಕಾದಂಬರಿ, ಕವನದ ಗುಣದೋಷ ಹೇಳೋಕೆ ನಿಮ್ಮಲ್ಲೇ ಓದಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ನಾನು ಒಂದು ಆಟದ ಬಗ್ಗೆ ಬರೀತೀನಿ. ಆಟಕ್ಕೇನು ವಿಮರ್ಶೆ ಅಂತ ನಗಬೇಡಿ. ಎರಡು ದಿನ ಕೂತು ಆಡಿದ ಮೇಲೆ ಅದೂ ಒಂದು ಕಥೆ ಓದಿದಂಗೇ ಇತ್ತು. ಕಥೆ ಅಂದ ಮೇಲೆ ಅದರಲ್ಲಿ ಏನು ಹೇಳಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ಕೇಳೋ ಹಕ್ಕು ಎಲ್ಲರಿಗೂ ಇದೆ.

2025ರ ದಸರಾ ರಜೆಗೆ ಕಲ್ಯಾಣದುರ್ಗದ ಕಡೆಯಿಂದ ಬಸ್ಸು ಹತ್ತಿ ಹಿಂದೂಪುರದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನು ಸೀರೆ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬ ತಂದಿದ್ದ. ಅಮೆರಿಕದ ಜಿಎಂಟಿ ಗೇಮ್ಸ್ ಅನ್ನೋ ಕಂಪನಿಯವರು 2015ರಲ್ಲಿ ತಂದ ಆಟ, ಹೆಸರು ‘ನೆಕ್ಸ್ಟ್ ವಾರ್: ಇಂಡಿಯಾ-ಪಾಕಿಸ್ತಾನ್’. ಅಂದರೆ ಮುಂದೆ ಯಾವಾಗಲಾದರೂ ನಮಗೂ ಪಾಕಿಸ್ತಾನಕ್ಕೂ ದೊಡ್ಡ ಯುದ್ಧ ಬಂದರೆ ಹೆಂಗಿರುತ್ತೆ ಅಂತ ಊಹೆ ಮಾಡಿ ಕಟ್ಟಿದ ಆಟ. ನಡೆದ ಯುದ್ಧ ಅಲ್ಲ, ನಡೆಯಬಹುದಾದ್ದು.

ಹಾಸಿದರೆ ಅಕ್ಕನ ಮನೆ ಊಟದ ಮೇಜು ಪೂರ್ತಿ ಮುಚ್ಚಿಹೋಯಿತು. ಅದೊಂದು ನಕ್ಷೆ. ಪಂಜಾಬು, ಕಾಶ್ಮೀರ, ಆ ಕಡೆ ಲಾಹೋರು, ಈ ಕಡೆ ಅಮೃತಸರ. ನಕ್ಷೆ ಮೇಲೆ ಜೇನುಹುಟ್ಟಿನ ಹಂಗೆ ಆರು ಮೂಲೆಯ ಸಣ್ಣ ಸಣ್ಣ ಮನೆಗಳು. ಆಡೋ ಕಾಯಿ ಅಂದರೆ ರಟ್ಟಿನ ಚೌಕದ ಬಿಲ್ಲೆಗಳು, ನೂರಾರು. ಒಂದೊಂದು ಬಿಲ್ಲೆಯೂ ಒಂದೊಂದು ದಂಡು. ಅದರ ಮೇಲೆ ಹೊಡೆಯೋ ಶಕ್ತಿ, ತಡೆಯೋ ಶಕ್ತಿ, ಎಷ್ಟು ಮನೆ ನಡೀಬಹುದು ಅನ್ನೋ ಲೆಕ್ಕ. ದಾಳಕ್ಕೆ ಹತ್ತು ಮುಖ. ಎರಡು ಕಡೆಯ ಬಲ ತೂಗಿ ನೋಡಿ, ದಾಳ ಹಾಕಿ, ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದರೆ ಯಾರಿಗೆ ಎಷ್ಟು ಪೆಟ್ಟು ಅಂತ ಗೊತ್ತಾಗುತ್ತೆ. ಮೊದಲ ಪೆಟ್ಟಿಗೆ ಬಿಲ್ಲೆಯನ್ನ ಮಗುಚಿ ಹಾಕೋದು. ಹಿಂದುಗಡೆ ಕಮ್ಮಿ ಅಂಕಿ ಬರೆದಿರುತ್ತೆ. ಇನ್ನೊಂದು ಪೆಟ್ಟು ಬಿದ್ದರೆ ಎತ್ತಿ ಪಕ್ಕಕ್ಕಿಡೋದು.

ಇಂಥ ಆಟ ಇವತ್ತಿನದಲ್ಲ. ನಮ್ಮ ಚದುರಂಗದಲ್ಲೇ ಆನೆ, ಕುದುರೆ, ಕಾಲಾಳು ಇಲ್ಲವೇ? 1824ರಲ್ಲಿ ಪ್ರಷ್ಯಾ ದೇಶದಲ್ಲಿ ರೈಸ್ವಿಟ್ಸ್ ಅನ್ನೋ ಅಧಿಕಾರಿ ನಕ್ಷೆ ಮೇಲೆ ಆಡೋ ಯುದ್ಧದಾಟವನ್ನ ತಿದ್ದಿ ಸೈನ್ಯಕ್ಕೆ ಕೊಟ್ಟ, ಅಲ್ಲಿನ ಅಧಿಕಾರಿಗಳು ಅದರಲ್ಲೇ ಪಾಠ ಕಲಿತರು. 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಅನ್ನೋರು ಮನೆಮಂದಿ ಕೊಂಡು ಆಡೋ ಹಂಗೆ ಡಬ್ಬದಲ್ಲಿಟ್ಟು ಮಾರಿದರು. ಅಳಿಯ ತಂದದ್ದು ಅದೇ ವಂಶದ್ದು.

ಮೊದಲು ಒಳ್ಳೇದು ಹೇಳಿಬಿಡ್ತೀನಿ.

ಅಳಿಯ ಇಂಡಿಯಾ ತಗೊಂಡ. ‘ಮಾವ, ನೀವು ಪಾಕಿಸ್ತಾನ’ ಅಂದ. ನನಗೆ ಮೈ ಉರಿದುಹೋಯಿತು. ‘ನಾನ್ಯಾಕೋ ಆ ಕಡೆ ಕೂತ್ಕೊಳ್ಳಿ?’ ಅಂದೆ. ‘ಯಾರಾದ್ರೂ ಕೂತ್ಕೋಬೇಕಲ್ಲ ಮಾವ, ಇಲ್ಲಾಂದ್ರೆ ಆಟ ಎಲ್ಲಿದೆ?’ ಅಂದ. ಮನಸ್ಸಿಲ್ಲದೆ ಕೂತೆ. ಒಂದು ಗಂಟೆ ಕಳೆದ ಮೇಲೆ ನೋಡಿದರೆ ನಾನೇ ಲಾಹೋರಿನ ಸುತ್ತ ಬಿಲ್ಲೆ ಒತ್ತೊತ್ತಾಗಿ ನಿಲ್ಲಿಸಿಕೊಂಡು, ಯಾವ ಕಡೆಯಿಂದ ಬರ್ತಾನೋ ಅಂತ ಉಸಿರು ಬಿಗಿಹಿಡಿದು ಕಾಯ್ತಿದ್ದೆ. ನನ್ನ ಊರನ್ನ ಕಾಯೋ ಹಂಗೇ. ವೈರಿಯ ಜಾಗದಲ್ಲಿ ಕೂತು ಅವನಿಗೂ ಹೆದರಿಕೆ ಇರುತ್ತೆ ಅಂತ ತಿಳಿಸೋದು ಸಣ್ಣ ವಿದ್ಯೆಯಲ್ಲ. ಬಯಲಾಟದಲ್ಲಿ ದುರ್ಯೋಧನನ ವೇಷ ಕಟ್ಟಿದವನಿಗೆ ಮಾತ್ರ ದುರ್ಯೋಧನನ ಸಂಕಟ ಗೊತ್ತಾಗೋದು. ಅದೇ ಥರ.

ಎರಡನೇದು, ಈ ಆಟ ಜಂಬ ಇಳಿಸುತ್ತೆ. 2025ರ ಮೇ ತಿಂಗಳ ಆ ನಾಲ್ಕು ದಿನ ನೆನಪಿದೆಯಲ್ಲ? ಟೀವಿಯವರು ಒಂದೇ ರಾತ್ರಿಗೆ ಊರಿಗೂರೇ ಗೆದ್ದಂಗೆ ಕೂಗಿದ್ದರು. ಇಲ್ಲಿ ಅಳಿಯ ಎರಡು ದಿನ ದಾಳ ಹಾಕಿದರೂ ಲಾಹೋರಿನ ಬಾಗಿಲು ಮುಟ್ಟಲಿಲ್ಲ. 1965ರ ನಿಜವಾದ ಯುದ್ಧದಲ್ಲೂ ನಮ್ಮ ಸೈನ್ಯ ಲಾಹೋರಿನ ಹತ್ತಿರದ ಇಚ್ಛೋಗಿಲ್ ಕಾಲುವೆವರೆಗೆ ಹೋಗಿತ್ತು, ಊರಿಗೆ ಹೊಕ್ಕಲಿಲ್ಲ. ಊರೊಳಗೆ ನಿಂತ ದಂಡನ್ನ ಎಬ್ಬಿಸೋದು ಎಷ್ಟು ಕಷ್ಟ ಅಂತ ಕೂಗಾಡದೆ ತೋರಿಸುತ್ತೆ ಈ ಆಟ.

ಮೂರನೇದು ರೈತನಿಗೆ ಹಿಡಿಸೋ ಮಾತು. ಇದರಲ್ಲಿ ಸರಬರಾಜಿಗೂ ನಿಯಮ ಇದೆ. ಹಿಂದಿನ ದಾರಿ ಕಟ್ಟಾದರೆ ಎಂಥ ದಂಡೂ ಸೊರಗುತ್ತೆ, ಮೇವಿಲ್ಲದ ಎತ್ತಿನ ಹಂಗೆ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. 1776ರಲ್ಲಿ ಗುತ್ತಿ ಕೋಟೆ ಮುರಾರಿರಾಯನ ಕೈತಪ್ಪಿ ಹೈದರಾಲಿಗೆ ಹೋಯಿತು. ಅಂಥ ಬೆಟ್ಟದ ಕೋಟೆಯನ್ನ ಸೋಲಿಸಿದ್ದು ಫಿರಂಗಿಗಿಂತ ಹೆಚ್ಚಾಗಿ ನೀರಿನ ಬರ. ಹವಾಮಾನಕ್ಕೂ ಇದರಲ್ಲಿ ದಾಳ ಹಾಕಬೇಕು, ಮೋಡ ಕವಿದರೆ ವಿಮಾನಕ್ಕೆ ಅಡ್ಡಿ. ‘ಇದು ನಮ್ಮ ಅನಂತಪುರದ ಮಳೆ ಲೆಕ್ಕಾನೇ ಬಿಡಪ್ಪ, ಅದೂ ದಾಳದಲ್ಲೇ ಬರೋದು’ ಅಂತ ನಾನು ನಕ್ಕೆ.

ಇಷ್ಟು ಮೆಚ್ಚಿಕೊಂಡ ಮೇಲೆ ದೋಷ ಹೇಳೋ ಹಕ್ಕು ನನಗೆ ಬಂತು ಅಂದುಕೊಳ್ತೀನಿ.

ಎರಡನೇ ದಿನ ಮಧ್ಯಾಹ್ನ ಅಕ್ಕ ಮುದ್ದೆ ತಿರುವಿ ಇಟ್ಟು, ಮೇಜು ಖಾಲಿ ಮಾಡ್ರಪ್ಪ ಅಂತ ಹೇಳೋಕೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ನಕ್ಷೆ ಮೇಲಿನ ಗೆರೆಗಳನ್ನ ತೋರಿಸಿ ‘ಇವೇನೋ?’ ಅಂದಳು. ‘ರಸ್ತೆ ಕಣಮ್ಮ, ದಂಡು ಬೇಗ ಹೋಗೋಕೆ’ ಅಂದ ಮಗ. ‘ಮತ್ತೆ ಊರು ಬಿಟ್ಟು ಓಡೋರು ಯಾವ ದಾರೀಲಿ ಹೋಗ್ತಾರೆ?’ ಅಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾವು ಆಡಿದ ಭಾಗದಲ್ಲಿ ಊರು ಬಿಡೋರಿಗೆ ಒಂದು ಬಿಲ್ಲೆಯೂ ಇರಲಿಲ್ಲ. ಲಾಹೋರನ್ನ ಗೆದ್ದರೆ ಇಷ್ಟು ಅಂಕ, ಇನ್ನೊಂದು ಊರಿಗೆ ಇಷ್ಟು ಅಂಕ ಅಂತ ಇದೆ. ಆದರೆ ಅಲ್ಲಿ ಅಡುಗೆ ಮಾಡ್ತಿದ್ದೋರು ಯಾರು, ಗೋಧಿ ಕೊಯ್ಲಿಗೆ ಬಂದಿದ್ದೋರು ಯಾರು, ಇದಕ್ಕೆಲ್ಲ ಲೆಕ್ಕವಿಲ್ಲ. ಪಂಜಾಬಿನ ಹೊಲ ಇದರಲ್ಲಿ ಬರೀ ಸಪಾಟು ನೆಲ, ದಂಡಿಗೆ ಸುಲಭದ ದಾರಿ, ಅಷ್ಟೆ. ಬಿತ್ತಿದ ನೆಲವನ್ನ ಸಪಾಟು ನೆಲ ಅಂತ ಯಾವ ರೈತನೂ ಕರೆಯೋದಿಲ್ಲ.

ಅಳಿಯ ತನ್ನ ಆಟವನ್ನ ಬಿಟ್ಟುಕೊಡಲಿಲ್ಲ. ‘ಮಾವ, ಇದು ಸೈನ್ಯದ ಆಟ, ಎಲ್ಲಾನೂ ಒಂದೇ ಡಬ್ಬದಲ್ಲಿ ಹಾಕೋಕಾಗಲ್ಲ’ ಅಂದ. ಸರಿ, ಒಪ್ಪಿದೆ. ನಾನು ಹಾಡೋ ಪದದಲ್ಲೂ ಎಲ್ಲಾ ಇರೋದಿಲ್ಲ. ಆದರೆ ಸೈನಿಕನ ಲೆಕ್ಕ? ಅವನು ಒಂದು ಬಿಲ್ಲೆ ಮಗುಚಿ ಹಾಕಿದಾಗ ಕೇಳಿದೆ: ‘ಇದು ಎಷ್ಟು ಜನ?’ ‘ಇದು ಬ್ರಿಗೇಡು ಮಾವ. ಒಂದು ಬ್ರಿಗೇಡು ಅಂದ್ರೆ ಸುಮಾರು ಮೂರು ಸಾವಿರ ಜನ.’ ನಮ್ಮೂರು, ಪಕ್ಕದೂರು, ಅದರ ಪಕ್ಕದ ತಾಂಡಾ ಎಲ್ಲಾ ಸೇರಿಸಿದರೂ ಅಷ್ಟು ಗಂಡಸರು ಸಿಕ್ಕಲ್ಲ. ಬಿಲ್ಲೆ ಮಗುಚಿದ್ದಕ್ಕೆ ಟಪ್ ಅಂತ ಒಂದು ಸದ್ದೂ ಬರಲಿಲ್ಲ. ದಾಳ ನನ್ನ ಕೈಗೆ ಬಂತು.

ನನಗೆ ಆಗ ಗೋರಂಟ್ಲ ನೆನಪಾಯಿತು. ಹಿಂದೂಪುರದಿಂದ ಅದೇನು ದೂರವಲ್ಲ. ಆ ಮಂಡಲದ ಒಂದು ತಾಂಡಾದ ಹುಡುಗ ಸೈನ್ಯದಲ್ಲಿದ್ದ. ಅದೇ ಮೇ ತಿಂಗಳಲ್ಲಿ ಗಡಿಯಲ್ಲಿ ಸತ್ತ. ಅವನ ಪೆಟ್ಟಿಗೆ ಊರಿಗೆ ಬಂದ ದಿನ ಜಿಲ್ಲೆಗೆ ಜಿಲ್ಲೆಯೇ ಸೇರಿತ್ತು. ಒಬ್ಬನಿಗೆ ಅಷ್ಟು ಜನ ಅತ್ತರು. ಇಲ್ಲಿ ಸಾವಿರದ ಲೆಕ್ಕವನ್ನ ನಾವು ಎರಡು ಬೆರಳಲ್ಲಿ ಮಗುಚಿ ಹಾಕ್ತಿದ್ದೀವಿ. ಮುಂದೆ ನಡೆಯಬಹುದಾದ ಯುದ್ಧ ಅಂತ ಡಬ್ಬದವರು ಹೇಳ್ತಾರೆ. ಆ ತಾಂಡಾದ ಮನೆಗೆ ಅದು ನಡೆದು ಮುಗಿದಿದೆ.

ಈಗ ನಮ್ಮ ಹುಲಿ-ಮೇಕೆ ಆಟಕ್ಕೆ ಬರ್ತೀನಿ. ತೆಲುಗಿನಲ್ಲಿ ಪುಲಿ-ಮೇಕ ಅಂತಾರೆ. ಕಟ್ಟೆ ಮೇಲೆ ಇದ್ದಲಲ್ಲಿ ಗೀಚಿ ಎಲ್ಲರೂ ಆಡಿದ್ದೀರಿ. ಹಂಪಿಯ ಕಲ್ಲುಹಾಸಿನ ಮೇಲೂ ಇಂಥ ಆಟದ ಮನೆಗಳನ್ನ ಕೊರೆದಿದ್ದಾರೆ. 23 ಗಂಟು, 3 ಹುಲಿ, 15 ಮೇಕೆ. ಹುಲಿಗೆ ಹೆಂಚಿನ ಚೂರು, ಮೇಕೆಗೆ ಹುಣಸೆ ಬೀಜ. ಇದೂ ಬಲಾಬಲದ ಆಟವೇ. ಹುಲಿ ಹಾರಿ ಮೇಕೆ ತಿನ್ನುತ್ತೆ. ಮೇಕೆಗೆ ತಿನ್ನೋ ಶಕ್ತಿ ಇಲ್ಲ, ಒಂದರ ಬೆನ್ನಿಗೆ ಒಂದು ನಿಲ್ಲೋ ಶಕ್ತಿ ಮಾತ್ರ. ಒಂದು ಮೇಕೆ ಹೋದರೆ ಹುಲಿಯವನು ಆ ಬೀಜವನ್ನ ತನ್ನ ಮುಂದೆ ಇಟ್ಟುಕೊಳ್ತಾನೆ. ಎಷ್ಟು ಹೋಯಿತು ಅಂತ ಸುತ್ತ ಕೂತವರಿಗೆಲ್ಲ ಕಾಣುತ್ತೆ. ಐದಾರು ಹೋದರೆ ಹುಲಿ ಕಟ್ಟೋದು ಆಗದ ಮಾತು. ಅದಕ್ಕೇ ಒಂದೊಂದು ಬೀಜ ಇಡುವಾಗಲೂ ಕೈ ತಡೆಯುತ್ತೆ. ಇನ್ನೊಂದು ಮಾತು: ಮೇಕೆ ಗೆದ್ದರೂ ಹುಲಿ ಸಾಯೋದಿಲ್ಲ. ಕದಲೋಕೆ ಜಾಗ ಇಲ್ಲದಂಗೆ ಆಗುತ್ತೆ, ಅಷ್ಟೆ. ಕೊಲ್ಲದೇ ಗೆಲ್ಲೋ ಒಂದು ದಾರಿಯನ್ನ ನಮ್ಮ ಹಿರಿಯರು ಮಕ್ಕಳ ಆಟದಲ್ಲಿಟ್ಟು ಹೋಗಿದ್ದಾರೆ.

ಹಾಗಂತ ನಮ್ಮದು ಮೇಲು, ಅವರದು ಕೀಳು ಅಂತ ಹೇಳೋದಿಲ್ಲ. ಹುಲಿ-ಮೇಕೆಯಲ್ಲಿ ನೀರಿಲ್ಲದೆ ಕೋಟೆ ಬೀಳೋದು ಗೊತ್ತಾಗೋದಿಲ್ಲ, ಟೀವಿಯ ಜಂಬ ಇಳಿಯೋದಿಲ್ಲ. ಅವರ ಆಟದಲ್ಲಿ ಬುದ್ಧಿ ಹೆಚ್ಚು. ಆದರೆ ಕಳಕೊಂಡದ್ದು ಕೈಗೆ ಭಾರವಾಗಬೇಕು, ಕಣ್ಣ ಮುಂದೆ ಇರಬೇಕು. ಆ ವಿಷಯದಲ್ಲಿ ಹುಣಸೆ ಬೀಜದ ಮುಂದೆ ರಟ್ಟಿನ ದಂಡು ಸೋತಿತು. ನಾನು ಹಾಡೋ ದಂಡಿನ ಪದಗಳಲ್ಲಿ ಗೆದ್ದ ದೊರೆಗೆ ಎರಡು ನುಡಿ ಸಾಕು, ಕಾದು ಕೂತ ತಾಯಿಗೆ ಅರ್ಧ ರಾತ್ರಿ ಬೇಕು. ಕೇಳೋರು ಎದ್ದು ಹೋಗದೆ ಕೂರೋದೂ ಆ ಭಾಗಕ್ಕೇ.

ಊಟ ಆದ ಮೇಲೆ ನಾನೊಂದು ನಿಯಮ ಸೇರಿಸಿದೆ. ಅಕ್ಕನ ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು, ಒಂದು ಹಿಡಿ ಕಡಲೆಬೀಜ ತಂದಿಟ್ಟೆ. ಯಾವ ಕಡೆಯದೇ ಆಗಲಿ, ಬಿಲ್ಲೆ ಮಗುಚಿದರೆ ಒಂದು ಬೀಜ ಬಟ್ಟಲಿಗೆ, ಎತ್ತಿದರೆ ಇನ್ನೊಂದು. ಇಬ್ಬರ ಬೀಜವೂ ಒಂದೇ ಬಟ್ಟಲಿಗೆ. ಅಳಿಯ ನಕ್ಕ, ಆದರೆ ಒಪ್ಪಿದ. ಪ್ರತಿ ಬೀಜಕ್ಕೂ ಠಣ್ ಅಂತ ಸದ್ದು ಬರ್ತಿತ್ತು. ಸಂಜೆ ಹೊತ್ತಿಗೆ ಅವನು ದಾಳ ಹಾಕೋ ಮೊದಲು ಬಟ್ಟಲ ಕಡೆ ನೋಡೋಕೆ ಶುರು ಮಾಡಿದ್ದ. ಒಂದು ಸಲ ಹೊಡೆಯಬಹುದಾಗಿದ್ದ ಜಾಗದಲ್ಲಿ ಹೊಡೆಯದೆ ಬಿಟ್ಟ. ಯಾಕೋ ಅಂದರೆ, ‘ಸುಮ್ನೆ ಮಾವ’ ಅಂದ.

ಆಟದಲ್ಲಿ ಅಣುಬಾಂಬಿಗೂ ನಿಯಮ ಇದೆ. ಎರಡೂ ದೇಶದವರು 1998ರ ಮೇ ತಿಂಗಳಲ್ಲಿ ಬಾಂಬು ಸಿಡಿಸಿ ತೋರಿಸಿದ್ದಾರಲ್ಲ, ಹಂಗಾಗಿ ಆಟ ಕಟ್ಟಿದವರು ಅದನ್ನ ಬಿಡೋ ಹಂಗಿರಲಿಲ್ಲ. ಮೊದಲ ದಿನ ಅಳಿಯ ‘ಕೊನೇಲಿ ಅದನ್ನೂ ಹಾಕ್ಕೊಂಡು ನೋಡೋಣ ಮಾವ’ ಅಂದಿದ್ದ. ಎರಡನೇ ದಿನ ಆ ಪುಟ ತೆಗೆದ, ಬಟ್ಟಲು ನೋಡಿದ, ‘ಇದಕ್ಕೆ ಎಷ್ಟು ಬೀಜ ಹಾಕ್ಬೇಕು?’ ಅಂತ ಕೇಳಿದ. ಅಕ್ಕ ಒಳಗಿಂದಲೇ ‘ಮನೇಲಿ ಅಷ್ಟು ಬೀಜ ಇಲ್ಲಪ್ಪ’ ಅಂದಳು. ಪುಸ್ತಕ ಮುಚ್ಚಿದ. ಆಟ ಅಲ್ಲಿಗೆ ನಿಂತಿತು. ಯಾರು ಗೆದ್ದರು ಅಂತ ಅಂಕ ಕೂಡಿಸಲಿಲ್ಲ. ಬಟ್ಟಲು ಎಣಿಸಿದೆವು. 41 ಬೀಜ ಇತ್ತು.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಬೆಂಗಳೂರಿಂದ ಬರೋ ನಮ್ಮ ಮಕ್ಕಳು ಇಂಥ ಡಬ್ಬಗಳನ್ನ ತರ್ತಾರೆ, ಮೊಬೈಲಿನಲ್ಲಂತೂ ಯುದ್ಧದಾಟ ಆಗಲೇ ಮನೆಮನೆಗೂ ಬಂದಿದೆ. ಬೇಡ ಅನ್ನಬೇಡಿ, ಅಂದರೆ ಕೇಳೋರೂ ಇಲ್ಲ. ಎರಡು ಕಡೆಯೂ ಕೂತು ಆಡಿಸಿ. ಪಕ್ಕದಲ್ಲಿ ಒಂದು ಬಟ್ಟಲು ಇಡಿಸಿ. ವಾಚನಾಲಯದ ಕಟ್ಟೆ ಮೇಲೆ ಮೊದಲು ಹುಲಿ-ಮೇಕೆಯ ಗೆರೆ ಇತ್ತು, ಸಿಮೆಂಟು ಬಳಿದಾಗ ಮುಚ್ಚಿಹೋಯಿತು. ಅದನ್ನ ಬಣ್ಣದಲ್ಲಿ ಮತ್ತೆ ಬರೆಸೋಣ. ಹುಣಸೆ ಬೀಜ ನಾನು ತಂದುಕೊಡ್ತೀನಿ.