ಕ್ರೋಯ್ಡನ್ನಿನ ಇದ್ದಿಲಿನವನಿಗೆ ರುದ್ರನಾಟಕವಿಲ್ಲ

ರುದ್ರನಾಟಕಕ್ಕೆ ಅಶ್ವತ್ಥಾಮನಂಥ ವೀರನೇ ಬೇಕೆಂದು ಬಿ.ಎಂ.ಶ್ರೀ. ಅವರನ್ನು ಓದಿಕೊಂಡು ಬೆಳೆದ ನಮಗೆ ಎಲಿಜಬೆತ್ ಕಾಲದ ‘ಗೃಹದುರಂತ’ಗಳು ಹಿಡಿಸಿದ್ದು ಸಹಜ. ಅರಮನೆಯ ದುರಂತವನ್ನು ಅವು ಸಾಮಾನ್ಯರ ಮನೆಗೆ ತಂದವು ಎಂಬ ಹೊಗಳಿಕೆ ಇಂಗ್ಲಿಷ್ ತರಗತಿಗಳಲ್ಲಿ ಬಾಯಿಪಾಠವಾಗಿದೆ. ಯಾರು ಈ ಸಾಮಾನ್ಯರು? 1592ರಲ್ಲಿ ಅಚ್ಚಾದ ‘ಆರ್ಡನ್ ಆಫ್ ಫ್ಯಾವರ್‌ಶಮ್’ನ ನಾಯಕ ಮಠದ ಜಮೀನನ್ನು ರಾಜನ ಸನದಿನಿಂದ ಪಡೆದವನು. ನಾಟಕಕಾರ ಹೇವುಡ್‌ನ ನಾಯಕ ಫ್ರಾಂಕ್‌ಫರ್ಡ್ ಆಳುಕಾಳುಗಳಿರುವ ಕುಳ. ಇದ್ದಿಲು ಸುಟ್ಟು ಲಂಡನ್ನಿಗೆ ಮಾರುತ್ತಿದ್ದ ಕ್ರೋಯ್ಡನ್ನಿನವರ ಪ್ರತಿನಿಧಿಯಾಗಿ ರಂಗಕ್ಕೆ ಬಂದವನು ಗ್ರಿಮ್. ವಿಲಿಯಂ ಹಾಟನ್ ಬರೆದದ್ದೆನ್ನಲಾದ, 1662ರಲ್ಲಿ ಅಚ್ಚು ಕಂಡ ‘ಗ್ರಿಮ್ ದ ಕೊಲಿಯರ್ ಆಫ್ ಕ್ರೋಯ್ಡನ್’ನಲ್ಲಿ ನರಕದಿಂದ ಬಂದ ಪಿಶಾಚಿಯಿದೆ, ವಿಷವುಣಿಸುವ ಹೆಂಡತಿಯಿದ್ದಾಳೆ. ಆ ವಿಷವೆಲ್ಲ ದೊಡ್ಡವರ ಪಾಲಿನ ಕಥೆಗೆ ಸೇರಿದ್ದು. ಗ್ರಿಮ್‌ಗೆ ದಕ್ಕುವುದು ನಗೆ ಮತ್ತು ತಾನು ಮೆಚ್ಚಿದ ಜೋನ್ ಜೊತೆ ಮದುವೆ.

ಅದು ಪ್ರಹಸನ, ಅದನ್ನು ದುರಂತದ ಪಕ್ಕ ಇಡುವುದು ಅನ್ಯಾಯ ಎನ್ನಬಹುದು. ಹಾಗಿದ್ದರೆ ‘ಆರ್ಡನ್’ನ ಕೊನೆಯನ್ನೇ ನೋಡೋಣ. ಅಕ್ಕಸಾಲಿಗ ಬ್ರ್ಯಾಡ್‌ಶಾ ಮಾಡಿದ್ದು ಇಷ್ಟೇ: ಒಳಗೇನಿದೆಯೆಂದು ತಿಳಿಯದೆ ಆರ್ಡನ್‌ನ ಕೊಲೆಗೆ ಸಂಚು ಹೂಡಿದ್ದ ಅವನ ಹೆಂಡತಿ ಆಲಿಸ್‌ಗೆ ಒಂದು ಕಾಗದ ತಂದುಕೊಟ್ಟ. ಮೇಯರ್ ಎದುರು ಅವನು ಆಲಿಸ್‌ಳತ್ತ ತಿರುಗುತ್ತಾನೆ. ಕಾಗದದ ವಿಷಯ ಅವನಿಗೆ ಗೊತ್ತಿರಲಿಲ್ಲವೆಂದು ಅವಳು ಆಣೆಯಿಟ್ಟು ಹೇಳುತ್ತಾಳೆ. ಆ ಮಾತು ಮುಗಿಯುತ್ತಲೇ, ಲೌಕಿಕದ ಗೋಜು ಇನ್ನು ಸಾಕು, ಕ್ರಿಸ್ತನ ಧ್ಯಾನಕ್ಕೆ ಬಿಡಿ ಎನ್ನುತ್ತಾಳೆ. ಆ ‘ಲೌಕಿಕ’ ಎಂದರೆ ಒಬ್ಬ ನಿರಪರಾಧಿಯ ಕೊರಳು. ಮೇಯರ್ ಅವಳ ಸಾಕ್ಷ್ಯವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, ಬ್ರ್ಯಾಡ್‌ಶಾಗೂ ಮರಣದಂಡನೆ. ಗಂಡನನ್ನು ಕೊಲ್ಲಿಸಿದವಳಿಗೆ ಪಶ್ಚಾತ್ತಾಪದ ಸಾಲುಗಳಿವೆ. ಏನೂ ಮಾಡದವನಿಗೆ ತೀರ್ಪು ಕೊಟ್ಟವನನ್ನು ಶಪಿಸಲು ಒಂದು ಸಾಲಿನಷ್ಟು ಜಾಗ.

ವಿದ್ವಾಂಸ ಹೆನ್ರಿ ಹಿಚ್ ಆ್ಯಡಮ್ಸ್ 1943ರ ತನ್ನ ಗ್ರಂಥದಲ್ಲಿ ಈ ನಾಟಕಗಳನ್ನು ಪಾಪ, ಪಶ್ಚಾತ್ತಾಪ, ಕ್ಷಮೆಯ ಉಪದೇಶವಾಗಿ ಓದಿದ. ಆಲಿಸ್‌ಗೆ ಈ ಸೂತ್ರ ಒಪ್ಪುತ್ತದೆ. ಪಾಪವನ್ನೇ ಮಾಡದ ಬ್ರ್ಯಾಡ್‌ಶಾನನ್ನು ಯಾವ ಪ್ರವಚನದೊಳಗೆ ಕೂರಿಸುವುದು? ವಿಮರ್ಶಕರ ಇನ್ನೊಂದು ಗುಂಪಿಗೆ ಕರ್ತೃತ್ವದ್ದೇ ಚಿಂತೆ. 2016ರ ನ್ಯೂ ಆಕ್ಸ್‌ಫರ್ಡ್ ಶೇಕ್ಸ್‌ಪಿಯರ್ ‘ಆರ್ಡನ್’ನಲ್ಲಿ ಶೇಕ್ಸ್‌ಪಿಯರನಿಗೂ ಪಾಲು ಕೊಟ್ಟಿತು, ನಾಟಕದ ಬೆಲೆ ರಾತ್ರೋರಾತ್ರಿ ಏರಿತು. (ಒಡೆಯನ ಹೆಸರಿಲ್ಲದ ಮನೆಗೆ ವಿಮರ್ಶಕರೂ ಕಾಲಿಡರು!) ನಾಟಕದ ಕಸುಬುದಾರಿಕೆಯ ಬಗ್ಗೆ ನನ್ನ ತಕರಾರಿಲ್ಲ: ಪಗಡೆಯಂಥ ಆಟದ ನಡುವೆ ಕೊಲೆ, ಹಿಮದಲ್ಲಿ ಉಳಿದ ಹೆಜ್ಜೆಗುರುತು, ಎರಡೂ ಮೈ ನಡುಗಿಸುತ್ತವೆ. ಆದರೆ ಇದು ಆಸ್ತಿವಂತರ ದುರಂತ. ಇದನ್ನು ಸಾಮಾನ್ಯರ ದುರಂತವೆಂದು ಪಾಠ ಹೇಳುವುದನ್ನು ನಮ್ಮ ಅಧ್ಯಾಪಕರು ಇನ್ನಾದರೂ ನಿಲ್ಲಿಸಬೇಕು.