ಗೆಡ್‌ಗೆ ಸುಣ್ಣ ಹೊಡೆದವರಲ್ಲಿ ನಾನೂ ಒಬ್ಬ

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅವೆನ್ಯೂ ರೋಡಿನ ಫುಟ್‌ಪಾತಲ್ಲಿ 30 ರೂಪಾಯಿಗೆ ಒಂದು ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಮುಂದಿನ ರಟ್ಟು ಕಿತ್ತುಹೋಗಿದ್ದರಿಂದ ಹೀರೋ ಹೇಗಿದ್ದಾನೆ ಅಂತ ತೋರಿಸೋ ಚಿತ್ರವೂ ಇರಲಿಲ್ಲ. ಉರ್ಸುಲಾ ಲೆ ಗ್ವಿನ್ ಅನ್ನೋ ಅಮೆರಿಕದ ಲೇಖಕಿ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಅದು. ಗುಡ್ಡದ ಮೇಲಿನ ಹಳ್ಳಿ, ತಾಯಿಯಿಲ್ಲದ ಹುಡುಗ, ಕಂಚಿನ ಕೆಲಸ ಮಾಡೋ ಅಪ್ಪ. ಚಿಕ್ಕಮ್ಮನ ಬಾಯಿಂದ ಕೇಳಿದ ಯಾವುದೋ ಮಂತ್ರವನ್ನ ಹುಡುಗ ಕೂಗಿದರೆ ಆಡುಗಳೆಲ್ಲ ಬಂದು ಅವನನ್ನ ಮುತ್ತಿಕೊಳ್ಳುತ್ತವೆ. ಎಮ್ಮೆ ಮೇಯಿಸಿ ಬೆಳೆದ ನನಗೆ ಇದಕ್ಕಿಂತ ಇನ್ನೇನು ಬೇಕು? ಎರಡೇ ರಾತ್ರಿಗೆ ಮುಗಿಸಿದೆ. ಗೆಡ್ ಅನ್ನೋ ಆ ಹುಡುಗ ನಾನೇ ಅನ್ನಿಸಿಬಿಟ್ಟಿತ್ತು.

ಆದರೆ ನನ್ನ ತಲೆಯೊಳಗಿದ್ದ ಗೆಡ್ ಬೆಳ್ಳಗಿದ್ದ. ಕನ್ನಡಕ ತೆಗೆದ ಹ್ಯಾರಿ ಪಾಟರ್ ಥರ.

ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ, ಒಂದು ಮಧ್ಯಾಹ್ನ ಬಿಲ್ಡ್ ಮುಗಿಯೋಕೆ ಕಾಯ್ತಾ ಕೂತಿದ್ದಾಗ ಲೆ ಗ್ವಿನ್ 2004ರ ಡಿಸೆಂಬರಲ್ಲಿ 'ಸ್ಲೇಟ್' ಪತ್ರಿಕೆಗೆ ಬರೆದ ಲೇಖನವೊಂದು ಕಣ್ಣಿಗೆ ಬಿತ್ತು. ಆ ತಿಂಗಳು ಅಮೆರಿಕದ ಸೈ-ಫೈ ಚಾನೆಲ್ ಅವರ ಕಾದಂಬರಿಗಳನ್ನ ಮಿನಿ ಸರಣಿ ಮಾಡಿ ಪ್ರಸಾರ ಮಾಡಿತ್ತು. ಗೆಡ್ ಪಾತ್ರಕ್ಕೆ ಶಾನ್ ಆಶ್ಮೋರ್ ಅನ್ನೋ ಬಿಳಿಯ ನಟ. ಲೆ ಗ್ವಿನ್ ಸಿಟ್ಟಾಗಿದ್ದರು. ನನ್ನ ಜನ ಬಿಳಿಯರಲ್ಲ, ಇದು ಮೊದಲಿನಿಂದಲೂ ನಾನು ಯೋಚಿಸಿಯೇ ಮಾಡಿದ್ದು, ಫ್ಯಾಂಟಸಿ ಕಥೆಯ ಹೀರೋ ಯಾವಾಗಲೂ ಬಿಳಿಯನೇ ಯಾಕಾಗಬೇಕು ಅನ್ನೋದು ಅವರ ವಾದದ ಸಾರ.

ಮನೆಗೆ ಬಂದವನೇ ಆ ರಟ್ಟಿಲ್ಲದ ಪುಸ್ತಕ ಹುಡುಕಿ ತೆಗೆದೆ. ಮೂರನೇ ಅಧ್ಯಾಯದಲ್ಲಿ ಸಿಕ್ಕಿತು. ಗೆಡ್ ಮಾಂತ್ರಿಕರ ಶಾಲೆಗೆ ಬಂದು ವೆಚ್ ಅನ್ನೋ ಹುಡುಗನನ್ನ ಮೊದಲ ಸಲ ನೋಡ್ತಾನೆ. ವೆಚ್ ಕಡುಗಪ್ಪು, ಗೆಡ್ ಮತ್ತು ಆ ದ್ವೀಪಗಳ ಹೆಚ್ಚಿನ ಜನರ ಥರ ಕೆಂಪು ಮಿಶ್ರಿತ ಕಂದು ಅಲ್ಲ. ಅಷ್ಟೇ. ಹೀರೋನ ಮೈಬಣ್ಣವನ್ನ ಇನ್ನೊಬ್ಬನ ವರ್ಣನೆಯ ಮಧ್ಯೆ ಹೋಲಿಕೆಗೆ ಅಂತ ಹೇಳಿ ಮುಂದೆ ಹೋಗ್ತಾರೆ. ಬಿಳಿ ಬಣ್ಣದ ಮಾತು ಅದಕ್ಕೂ ಮೊದಲೇ ಬಂದಿರುತ್ತೆ: ಗೆಡ್‌ನ ಹಳ್ಳಿಯ ಮೇಲೆ ದಂಡೆತ್ತಿ ಬರೋ ಕಾರ್ಗ್ ಜನ ಬಿಳಿ ಚರ್ಮದವರು, ಹಳದಿ ಕೂದಲಿನವರು. ಅಂದ್ರೆ ಈ ಲೋಕದಲ್ಲಿ ಬಿಡಿಸಿ ಹೇಳಬೇಕಾದ ಬಣ್ಣ ಬಿಳಿ. ಕಂದು ಹೇಳದೇ ಇದ್ದರೂ ನಡೆಯುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲೆ ಗ್ವಿನ್ ಡಿಫಾಲ್ಟ್ ವ್ಯಾಲ್ಯೂ ಬದಲಾಯಿಸಿದ್ದರು. ನನ್ನ ತಲೆ ಅದನ್ನ ಓವರ್‌ರೈಡ್ ಮಾಡಿತ್ತು.

ಇಷ್ಟು ಮೆಲ್ಲಗೆ ಹೇಳಿದ್ರೆ ಯಾರಿಗೆ ಕೇಳಿಸುತ್ತೆ ಅಂತ ಅವರ ಮೇಲೇ ಸ್ವಲ್ಪ ಸಿಟ್ಟು ಬಂತು. ಆದ್ರೆ ಜೋರಾಗಿ ಹೇಳಿದಾಗ ಏನಾಗುತ್ತೆ ಅಂತಲೂ ಗೊತ್ತು. 'ಹಂಗರ್ ಗೇಮ್ಸ್' ಕಾದಂಬರಿಯಲ್ಲಿ ರೂ ಅನ್ನೋ ಪುಟ್ಟ ಹುಡುಗಿಯದು ಕಡುಗಂದು ಮೈ ಅಂತ ನೇರವಾಗೇ ಬರೆದಿದೆ. 2012ರ ಸಿನಿಮಾದಲ್ಲಿ ಆ ಪಾತ್ರವನ್ನ ಕಪ್ಪು ಹುಡುಗಿ ಆಮಾಂಡ್ಲಾ ಸ್ಟೆನ್‌ಬರ್ಗ್ ಮಾಡಿದಾಗ, ಪುಸ್ತಕ ಓದಿದ ಅಭಿಮಾನಿಗಳಲ್ಲೇ ಕೆಲವರು ಟ್ವಿಟರಿನಲ್ಲಿ ಗಲಾಟೆ ಎಬ್ಬಿಸಿದರು. ಸಿನಿಮಾದವರು ಸುಣ್ಣದ ಬಕೆಟ್ ಎತ್ತೋ ಮೊದಲೇ ಓದುಗರು ಒಂದು ಕೋಟ್ ಹೊಡೆದಾಗಿರುತ್ತೆ.

ನನ್ನ ಕೈಗೆ ಆ ಬ್ರಷ್ ಬಂದಿದ್ದು ಊರಿನ ಶಾಲೆಯಲ್ಲಿ. ಶಾಲಾ ವಾರ್ಷಿಕೋತ್ಸವಕ್ಕೆ ರಾಮಾಯಣ ನಾಟಕ. ಕ್ಲಾಸಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದವನಿಗೆ ರಾಮನ ಪಾತ್ರ, ಸಾಲದ್ದಕ್ಕೆ ಮುಖಕ್ಕೆ ಪೌಡರ್. 'ಕರಿಯ' ಅಂತಲೇ ಕರೆಸಿಕೊಳ್ತಿದ್ದ ನನಗೆ ರಾಕ್ಷಸರ ಸೇನೆ. ಬೆಳಗ್ಗೆ ಪ್ರಾರ್ಥನೆಯಲ್ಲಿ ಅದೇ ರಾಮನನ್ನ ನಾವು ಮೇಘಶ್ಯಾಮ ಅಂತ ಹೊಗಳ್ತಿದ್ದೆವು. ಮಹಾಭಾರತದ ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ, ಅಂದ್ರೆ ಕಪ್ಪಗಿರೋಳು. ಟೀವಿಯಲ್ಲಿ ಬಂದ ದ್ರೌಪದಿಯನ್ನ ನೋಡಿ ಆ ಹೆಸರು ಯಾರಿಗೆ ನೆನಪಾದೀತು? ಇಂಥಾ ತರಬೇತಿ ಆದವನು ಗೆಡ್‌ನನ್ನ ಕಂದು ಬಣ್ಣದಲ್ಲಿ ಊಹಿಸಿಕೊಂಡಿದ್ದರೇ ಆಶ್ಚರ್ಯ.

ಆ ಸರಣಿಯ ಪಾತ್ರಹಂಚಿಕೆಯಲ್ಲಿ ಒಂದು ತಮಾಷೆಯೂ ಇದೆ. ಎರಡನೇ ಕಾದಂಬರಿಯ ನಾಯಕಿ ಟೆನಾರ್ ಪುಸ್ತಕದಲ್ಲಿ ಕಾರ್ಗ್ ಕುಲದವಳು, ಅಂದ್ರೆ ಬಿಳಿಯಳು. ಆ ಪಾತ್ರ ಮಾಡಿದ ಕ್ರಿಸ್ಟಿನ್ ಕ್ರೂಕ್ ಅವರ ತಾಯಿ ಚೀನೀ ಮೂಲದವರು. ಗೆಡ್‌ನ ಗುರು ಓಗಿಯಾನ್ ಆಗಿ ಕಪ್ಪು ನಟ ಡ್ಯಾನಿ ಗ್ಲೋವರ್ ಇದ್ದಾರೆ. ಹಾಗಾಗಿ ಬಿಳಿಯರಲ್ಲದ ನಟರು ಸಿಗಲಿಲ್ಲ ಅನ್ನೋ ಸಬೂಬು ನಿಲ್ಲಲ್ಲ. ಗುರು ಕಪ್ಪಗಿರಬಹುದು, ಹೀರೋ ಮಾತ್ರ ಕೂಡದು.

ಇದರಿಂದ ಕಥೆಗೇ ಪೆಟ್ಟು ಬಿದ್ದಿದೆ. ಕಂದು ಜನರ ಬಡ ಹಳ್ಳಿಯ ಮೇಲೆ ಬಿಳಿಯರು ಹಡಗಲ್ಲಿ ಬಂದು ಬೀಳ್ತಾರೆ ಅನ್ನೋದಕ್ಕೆ ಒಂದು ಅರ್ಥ ಇದೆ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರದ ಮುಖಗಳಿದ್ದರೆ ಅದು ಬರೀ ಹೊಡೆದಾಟ. ಇನ್ನೊಂದು ನಷ್ಟ ಕ್ಯಾಮೆರಾದ್ದೇ. ಪುಸ್ತಕ ಬಣ್ಣದ ಮಾತನ್ನ ಮೂರನೇ ಅಧ್ಯಾಯದ ತನಕ ತಡೆಹಿಡಿಯಬಹುದು. ಅಷ್ಟೊತ್ತಿಗೆ ಬಿಳಿಯ ಓದುಗ ಗೆಡ್‌ನ ಚರ್ಮದೊಳಗೆ ಕೂತುಬಿಟ್ಟಿರ್ತಾನೆ, ಎದ್ದು ಹೊರಗೆ ಬರೋದು ಕಷ್ಟ. ಸಿನಿಮಾ ಮೊದಲ ಶಾಟಿನಲ್ಲೇ ಮುಖ ತೋರಿಸಬೇಕು. ಲೆ ಗ್ವಿನ್ ಹೂಡಿದ ಆಟದಲ್ಲಿ ತೆರೆಯ ಮೇಲೆ ಉಳಿಯೋದು ಆ ಮುಖ ಒಂದೇ, ಅದನ್ನೇ ಬದಲಾಯಿಸಿದರು.

ಬಣ್ಣ ಸರಿ ಮಾಡಿದ್ರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ವೀಕೆಂಡಲ್ಲಿ ನಾವು ಹತ್ತೋ ಸಾವನದುರ್ಗದಲ್ಲಿ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1984) ಸಿನಿಮಾದ ಗುಹೆಯ ದೃಶ್ಯಗಳ ಚಿತ್ರೀಕರಣ ನಡೆದಿತ್ತು. ಅದರಲ್ಲಿ ಪ್ರೊಫೆಸರ್ ಗೋಡ್‌ಬೋಲೆ ಪಾತ್ರಕ್ಕೆ ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್, ಮುಖಕ್ಕೆ ಕಂದು ಮೇಕಪ್. ಆದರೆ ಫಾರ್ಸ್ಟರ್ ಕಾದಂಬರಿಯ ಗೋಡ್‌ಬೋಲೆ ಯುರೋಪಿನವರಷ್ಟೇ ಬೆಳ್ಳಗಿದ್ದಾನೆ, ಕಣ್ಣು ಬೂದು ಮಿಶ್ರಿತ ನೀಲಿ! ಅವನು ಭಾರತದ ಬ್ರಾಹ್ಮಣ ಅನ್ನೋದು ನಮಗೆ ಗೊತ್ತಾಗೋದು ಪೇಟದಿಂದ, ಊಟದ ಮಡಿಯಿಂದ, ಚಹಾ ಕೂಟ ಮುಗಿಯೋ ಹೊತ್ತಲ್ಲಿ ಇದ್ದಕ್ಕಿದ್ದ ಹಾಗೆ ಅವನು ಹಾಡೋ ಹಾಡಿನಿಂದ. ಅಷ್ಟೆಲ್ಲ ಇದ್ದರೂ ಸಿನಿಮಾಕ್ಕೆ ಒಂದು ಡಬ್ಬಿ ಬಣ್ಣ ಬೇಕಾಯ್ತು. ಗಿನ್ನೆಸ್ ದೊಡ್ಡ ನಟ, ಒಪ್ತೀನಿ. ಈ ಪಾತ್ರದಲ್ಲಿ ಮಾತ್ರ ನೋಡೋಕಾಗಲ್ಲ.

ಕನ್ನಡದ ಕಥೆಗಾರರು ಕೂಡ ಪಾತ್ರ ಯಾರು, ಯಾವ ಕಡೆಯವರು ಅಂತ ಹೇಳೋದು ಹೆಚ್ಚಾಗಿ ಹೆಸರು, ಊಟ, ಮಾತಿನ ಧಾಟಿಯಿಂದಲೇ. ಒಳ್ಳೇದೇ. ತೊಂದರೆ ಇರೋದು ನಮ್ಮ ವಯಸ್ಸಿನವರು ಈಗ ಬರೀತಿರೋ ಅಪಾರ್ಟ್‌ಮೆಂಟ್ ಕಥೆಗಳಲ್ಲಿ. ರೋಹನ್, ಅನನ್ಯ, ಕಾಫಿ ಮಗ್ಗು, ಲೇಟ್ ನೈಟ್ ಕಾಲ್. ಊರಿಲ್ಲ, ಬಣ್ಣವಿಲ್ಲ, ಅಜ್ಜಿ ಇಲ್ಲ. ನಾನು ಓದ್ತಾ ಹೋದ ಹಾಗೆ ಟೂತ್‌ಪೇಸ್ಟ್ ಜಾಹೀರಾತಿನ ಮುಖಗಳು ಬಂದು ಕೂತ್ಕೊಳ್ತವೆ. ಅಪ್ಪಿತಪ್ಪಿ ಬಣ್ಣ ಹೇಳಿದರೋ, 'ಕಪ್ಪಗಿದ್ದರೂ ಲಕ್ಷಣವಾಗಿದ್ದಳು'. ಆ 'ದರೂ' ಇದೆಯಲ್ಲ, ಹೆಣ್ಣು ನೋಡೋಕೆ ಬಂದವರ ಬಾಯಿಂದ ಸೀದಾ ಕಥೆಯೊಳಗೆ ನಡ್ಕೊಂಡು ಬಂದಿದೆ. ನಮ್ಮಕ್ಕನ ಬಗ್ಗೆ ಆ ಮಾತು ಕೇಳಿಸಿಕೊಂಡು ಬೆಳೆದವನು ನಾನು. ಲೆ ಗ್ವಿನ್ ಪುಸ್ತಕವನ್ನ ಮತ್ತೆ ಓದುವಾಗ ನಾನು ಹುಡುಕಿದ್ದೂ ಅದನ್ನೇ. ಗೆಡ್ ಕಂದಾಗಿದ್ದಾನೆ, ಹಠಮಾರಿ ಆಗಿದ್ದಾನೆ, ಜಂಬದವನಾಗಿದ್ದಾನೆ. ಎಲ್ಲೂ 'ದರೂ' ಇಲ್ಲ. ಅವರು ಯಾಕೆ ಅಷ್ಟು ಮೆಲ್ಲಗೆ ಹೇಳಿದ್ದು ಅನ್ನೋದು ಆವಾಗ ಅರ್ಥ ಆಯ್ತು, ಸಿಟ್ಟೂ ಇಳೀತು.

2018ರ ಜನವರಿಯಲ್ಲಿ ಲೆ ಗ್ವಿನ್ ತೀರಿಕೊಂಡರು. ಅದೇ ವರ್ಷ ಅರ್ಥ್‌ಸೀ ಕಥೆಗಳೆಲ್ಲ ಸೇರಿ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ ಒಂದೇ ಸಂಪುಟವಾಗಿ ಬಂತು. ಲೇಖಕಿ ಬದುಕಿದ್ದಾಗಲೇ ಅವರ ಜೊತೆ ಚರ್ಚಿಸಿ ಬರೆದ ಚಿತ್ರಗಳು. ಇಟ್ಟಿಗೆಯಷ್ಟು ಭಾರ, ಮೆಟ್ರೋದಲ್ಲಿ ಓದೋ ಪುಸ್ತಕ ಅಲ್ಲ. ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ಬಂದಿದ್ದಾಗ ತೆಗೆದು ತೋರಿಸಿದೆ. ಗೆಡ್ ಇರೋ ಪುಟ ಬಂದಾಗ ಅವನು ಏನಾದ್ರೂ ಹೇಳ್ತಾನೇನೋ ಅಂತ ಕಾದೆ. ಹುಡುಗ ಒಂದು ಕ್ಷಣ ನೋಡಿ ಪುಟ ತಿರುಗಿಸಿದ. "ಮಾಮ, ಡ್ರ್ಯಾಗನ್ ಎಲ್ಲಿ?"