‘ಚಿದಂಬರ ರಹಸ್ಯ’ವೂ ಮಲೆನಾಡಿನ ಬಂಡವಾಳವೂ

ಮೂಡಿಗೆರೆಯಲ್ಲಿ ನೆಲೆಸಿ ಸ್ವತಃ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವು 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಈ ಕಾದಂಬರಿಯನ್ನು ಪತ್ತೇದಾರಿಯ ರೂಪವನ್ನು ತಳೆದ ಸಮಾಜ ವಿಡಂಬನೆಯೆಂದು ಓದುವುದು ವಾಡಿಕೆ. ಆ ಓದು ಯುಕ್ತವೇ ಸರಿ. ಆದರೆ ಅದರಿಂದ ಕೃತಿಯ ಒಂದು ಮುಖ್ಯಾಂಶವು ಮರೆಯಾಗುವುದೆಂದು ನಮ್ಮ ಅಭಿಪ್ರಾಯ.

ಕೆಸರೂರಿನ ಸುತ್ತ ಏಲಕ್ಕಿಯ ಬೆಳೆ ಇಳಿಮುಖವಾಗಿದೆ. ಅದರ ಸಲುವಾಗಿ ಸಂಶೋಧನ ಕೇಂದ್ರವೂ ಉಂಟು. ಅದೇ ಊರಿನಿಂದ ಕಾಡಿನ ಮರವು ನಾಟಾ ಆಗಿ ಹೊರಗೆ ಸಾಗುತ್ತಿದೆ. ಗ್ರಂಥಕರ್ತರು ಈ ಎರಡು ಸಂಗತಿಗಳನ್ನು ಉಪದೇಶದಿಂದಲ್ಲ, ಕಥೆಯ ನಡೆಯಿಂದಲೇ ಹತ್ತಿರ ತಂದಿರುವರು. ಬೆಳೆಗೆ ಹಣವುಂಟು, ಬೆಳೆಯನ್ನು ಪೊರೆದ ಕಾಡಿಗೆ ಇಲ್ಲ. ಇದೇ ಕೃತಿಯ ನಿಜವಾದ ರಹಸ್ಯವೆಂದರೆ ತಪ್ಪಾಗಲಾರದು.

ಏಲಕ್ಕಿಯ ಈ ಮಾತು ಕಾಫಿಗೂ ಸಲ್ಲುವುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಅರೇಬಿಕಾ ಗಿಡವು ಮರದ ನೆರಳಿನಲ್ಲಿ ಬೆಳೆಯತಕ್ಕದ್ದು. ನೆರಳು ತೆಳುವಾದರೆ ಬಿಳಿ ಕಾಂಡಕೊರಕದ ಬಾಧೆ ಹೆಚ್ಚುವುದು. ಆದರೂ ಅತ್ತಿ, ಹಲಸು, ಹೊನ್ನೆಗಳಿದ್ದ ಎಡೆಗಳಲ್ಲಿ ಬೇಗ ಬೆಳೆದು ಮಾರಾಟಕ್ಕೊದಗುವ ಸಿಲ್ವರ್ ಓಕ್ ಹಬ್ಬಿದೆ. ಇದನ್ನು ಬೆಳೆಗಾರನ ಲೋಭವೆಂದು ಹಳಿಯುವುದು ಸುಲಭ. ಆದರೆ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರನ್ನು ಮೀರದವು. ಸಾಲ ಕೊಡುವವನೂ ಕಾಫಿ ಕೊಳ್ಳುವವನೂ ಇಳುವರಿಯನ್ನಷ್ಟೇ ಎಣಿಸಿದರೆ, ಸಣ್ಣ ಬೆಳೆಗಾರನು ಮರವನ್ನು ಯಾವ ಬಲದಿಂದ ಉಳಿಸಿಯಾನು?

ತಾಳೆ ಎಣ್ಣೆ, ಕಾಫಿ ಮೊದಲಾದ ಸರಕುಗಳು 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದಲ್ಲಿ ಬೆಳೆದವಾಗಿರಬಾರದೆಂದು ಯೂರೋಪಿನ ಒಕ್ಕೂಟವು 2023ರಲ್ಲಿ ಶಾಸನ ಮಾಡಿತು. ಇದು ಶ್ಲಾಘ್ಯವೇ. ಆದರೆ ತೋಟವು ಆ ಶಾಸನದ ದೃಷ್ಟಿಯಲ್ಲಿ ಕೃಷಿಭೂಮಿ. ಅದರೊಳಗೆ ನೆರಳು ತೆಳುವಾಗುವುದು ಕಾಡಿನ ನಾಶವೆನಿಸದು. ಈ ಕೊರತೆಯನ್ನು ತುಂಬಬಲ್ಲವನು ಬಂಡವಾಳಗಾರ. ಕಾಡುಮರಗಳನ್ನು ಉಳಿಸಿದ ತೋಟಕ್ಕೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲವನ್ನು ಕೊಡುವುದು, ಹಲವು ವರ್ಷಗಳಿಗೆ ಹೆಚ್ಚಿನ ಬೆಲೆಯ ಕರಾರು ಮಾಡಿಕೊಳ್ಳುವುದು, ಮರಗಳ ಎಣಿಕೆಯ ವೆಚ್ಚವನ್ನು ತಾನೇ ಹೊರುವುದು, ಇವು ಅವನ ಕೈಯಲ್ಲಿರುವ ಉಪಾಯಗಳು. ಗಿಡವು ಫಸಲಿಗೆ ಬರಲು 3-4 ವರ್ಷ ಬೇಕು, ಕಾಡುಮರ ಬಲಿಯಲು ದಶಕಗಳು ಬೇಕು. ಅವಸರದ ಹಣವು ಇಲ್ಲಿ ಕೊಡಲಿಗೆ ಸಮಾನ.

ಕಾದಂಬರಿಯ ಮಿತಿಯೂ ಇಲ್ಲಿಯೇ ಇರುವುದು. ಕಡಿಯುವವರನ್ನೂ ಕದಿಯುವವರನ್ನೂ ಅದು ಜೀವಂತವಾಗಿ ಚಿತ್ರಿಸಿದೆ. ದೂರದಲ್ಲಿ ಕುಳಿತು ಬೆಲೆ ಕಟ್ಟುವವನು ಮಾತ್ರ ಪಾತ್ರವಾಗಿ ರಂಗಕ್ಕೆ ಬರುವುದಿಲ್ಲ. ಅವನನ್ನು ಬಿಟ್ಟು ಓದಿದರೆ ಕೊನೆಯ ಬೆಂಕಿಯ ಹೊಣೆಯೆಲ್ಲವೂ ಕೆಸರೂರಿನವರ ಮೇಲೆಯೇ ಬೀಳುವುದು. ಈ ಕೃತಿಯನ್ನು ಬೋಧಿಸುವವರು ಆ ಕಾಣದ ಪಾತ್ರವನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರುವುದು ಉಚಿತ.